ಪ್ರಿಂಟರ್ ಆಮೇಲೆ, ಮೊದಲು ಕಾಗದ

ನಾನು ಜಲವರ್ಣದಲ್ಲಿ ಹಕ್ಕಿಗಳ ಚಿತ್ರ ಬರೆಯುತ್ತೇನೆ. ಮೂಲ ಚಿತ್ರ ಇರುವುದು ಒಂದೇ, ಕೇಳುವವರು ಹತ್ತು ಜನ. ಪ್ರಿಂಟ್ ಮಾಡಿ ಮಾರೋಣ ಅಂತ ಹೊರಟೆ. ಮನೆಯಲ್ಲಿ ಆಗಲೇ ಒಂದು ಪ್ರಿಂಟರ್ ಇತ್ತು, ನಾಲ್ಕು ಬಣ್ಣದ್ದು, ತಮ್ಮನ ಕಾಲೇಜು ಪ್ರಾಜೆಕ್ಟಿಗೆ ತಂದದ್ದು. "ಇದರಲ್ಲೇ ಹೊಡಿ ಅಕ್ಕಾ, ಕಲರ್ ಬರುತ್ತಲ್ವಾ" ಅಂದ. ಕಲರ್ ಬಂತು. ಆದರೆ ಬೂದು ಬಕದ ರೆಕ್ಕೆ ಹಸಿರಾಗಿ ಬಂತು. ಎದೆಯ ಮೇಲಿನ ತೆಳು ನೆರಳಿನಲ್ಲಿ ಪೆನ್ಸಿಲ್ ಪುಡಿ ಉದುರಿದ ಹಾಗೆ ಚುಕ್ಕಿ ಚುಕ್ಕಿ.

ತಪ್ಪು ಯಂತ್ರದ್ದಲ್ಲ. ಅಂಥ ಪ್ರಿಂಟರ್‌ನಲ್ಲಿ ಇರುವುದು ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಅಷ್ಟೇ. ತೆಳು ಬೂದು ಬೇಕಾದರೆ ಹೆಚ್ಚಾಗಿ ಮೂರು ಬಣ್ಣ ಬೆರೆಸಿ ತರುತ್ತದೆ. ಒಂದು ಚೂರು ಹೆಚ್ಚು ಕಡಿಮೆಯಾದರೆ ಬೂದು ಹಸಿರಿಗೋ ಕೆಂಪಿಗೋ ವಾಲುತ್ತದೆ. ತಿಳಿ ಬಣ್ಣ ಬೇಕಾದ ಕಡೆ ಗಾಢ ಇಂಕಿನ ಚುಕ್ಕಿಗಳನ್ನೇ ದೂರ ದೂರ ಇಡುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಚಿತ್ರ ಮಾರುವುದಾದರೆ ಕನಿಷ್ಠ ಆರು ಬಣ್ಣದ ಪ್ರಿಂಟರ್ ನೋಡಿ. ತಿಳಿನೀಲಿ, ತಿಳಿಗೆನ್ನೇರಳೆ ಪ್ರತ್ಯೇಕವಾಗಿ ಇರಬೇಕು, ಇಲ್ಲವೇ ಬೂದು ಇಂಕ್ ಇರಬೇಕು. ಬರೀ ದಪ್ಪ ಗೆರೆ, ಗಟ್ಟಿ ಬಣ್ಣಗಳ ಚಿತ್ರವಾದರೆ ನಾಲ್ಕರಲ್ಲೂ ನಡೆದೀತು. ಲೇಸರ್ ಪ್ರಿಂಟರ್ ಮಾತ್ರ ಈ ಕೆಲಸಕ್ಕೆ ಬೇಡ. ಅದರ ಟೋನರ್, ಅಂದರೆ ಬಣ್ಣದ ಪುಡಿ, ಕಾಗದದ ಮೇಲೆ ಹೊಳಪಿನ ಪದರದ ಹಾಗೆ ಕೂರುತ್ತದೆ, ಜಲವರ್ಣದ ಮೆದುತನ ಅಲ್ಲಿಗೆ ಮುಗಿಯಿತು.

ಎರಡನೆಯ ಸಲ ನಾನು ಉಲ್ಟಾ ಕಡೆಯಿಂದ ಶುರು ಮಾಡಿದೆ. ಪ್ರಿಂಟರ್ ನೋಡಲೇ ಇಲ್ಲ, ಕಾಗದ ನೋಡಿದೆ. ಒಂದೇ ಚಿತ್ರವನ್ನು ಫೋಟೊ ಲ್ಯಾಬಿನಲ್ಲಿ ಮೂರು ಬಗೆಯ ಕಾಗದದ ಮೇಲೆ ಹಾಕಿಸಿದೆ: ಹೊಳಪಿನದು, ಹೊಳಪಿಲ್ಲದ ನಯವಾದ ಮ್ಯಾಟ್, ಸ್ವಲ್ಪ ಒರಟಾದ ಹತ್ತಿಯ ಕಾಗದ. ಹೊಳಪಿನದರಲ್ಲಿ ಬಣ್ಣ ಜೋರಾಗಿತ್ತು, ಆದರೆ ನನ್ನ ಚಿತ್ರ ಫೋಟೊದ ಫೋಟೊ ಥರ ಕಂಡಿತು. ಹತ್ತಿಯದು ಚೆನ್ನಾಗಿತ್ತು, ದುಬಾರಿ. ನಯವಾದ ಮ್ಯಾಟ್‌ಗೆ ಗಂಟು ಬಿದ್ದೆ.

ಕಾಗದ ಗೊತ್ತಾದ ಮೇಲೆ ಅರ್ಧ ಪ್ರಿಂಟರ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದು ಹೋಗುತ್ತವೆ. ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳು ಮುಂಭಾಗದ ಟ್ರೇಯಿಂದ ಹಾಳೆ ಎಳೆದು, ಒಳಗೆ ಬಾಗಿಸಿ, ಮುಂದಕ್ಕೇ ತರುತ್ತವೆ. 250–300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆಗೆ ಈ ತಿರುವು ಆಗುವುದಿಲ್ಲ. ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಉರುಳೆಯ ಗುರುತು ಬೀಳುತ್ತದೆ. ಹಿಂದಿನಿಂದ ನೇರವಾಗಿ ಹಾಳೆ ಹಾಕುವ ಜಾಗ ಇದೆಯಾ ನೋಡಿ. ತಯಾರಕರು ಕೊಡುವ ವಿವರದಲ್ಲಿ ಎಷ್ಟು ಜಿಎಸ್‌ಎಂ, ಎಷ್ಟು ಮಿಲಿಮೀಟರ್ ದಪ್ಪ ಅಂತ ಬರೆದಿರುತ್ತದೆ. ಉದಾಹರಣೆಗೆ ಎಪ್ಸನ್ ಇಟಿ-8550ರ ಹಿಂಭಾಗದ ಸೀಳು 1.3 ಮಿ.ಮೀ. ದಪ್ಪದವರೆಗೂ ತೆಗೆದುಕೊಳ್ಳುತ್ತದೆ. ನಿಮ್ಮ ಕಾಗದದ ಕಂಪನಿ ಆ ಪ್ರಿಂಟರ್ ಮಾಡೆಲ್‌ಗೆ ಐಸಿಸಿ ಪ್ರೊಫೈಲ್ ಕೊಟ್ಟಿದೆಯಾ ಅನ್ನುವುದನ್ನೂ ಮೊದಲೇ ನೋಡಿಕೊಳ್ಳಿ. ಈ ಕಾಗದದ ಮೇಲೆ ಈ ಯಂತ್ರ ಎಷ್ಟು ಇಂಕ್ ಬಿಟ್ಟರೆ ಯಾವ ಬಣ್ಣ ಬರುತ್ತದೆ ಅನ್ನುವ ಲೆಕ್ಕ ಆ ಫೈಲಿನಲ್ಲಿರುತ್ತದೆ. ಅದು ಇದ್ದರೆ ಎಷ್ಟೋ ಹಾಳೆ ಉಳಿಯುತ್ತದೆ.

ಇನ್ನು ಇಂಕ್. ಇದರಲ್ಲಿ ಎರಡು ಜಾತಿ: ಡೈ, ಪಿಗ್ಮೆಂಟ್. ಡೈ ಅಂದರೆ ನೀರಲ್ಲಿ ಸಕ್ಕರೆ ಕರಗಿದ ಹಾಗೆ ಬಣ್ಣ ಪೂರ್ತಿ ಕರಗಿರುತ್ತದೆ, ಕಾಗದದೊಳಕ್ಕೆ ಇಳಿಯುತ್ತದೆ. ಪಿಗ್ಮೆಂಟ್‌ನಲ್ಲಿ ಸಣ್ಣ ಸಣ್ಣ ಬಣ್ಣದ ಕಣಗಳು ತೇಲುತ್ತಿರುತ್ತವೆ, ಕಾಗದದ ಮೇಲ್ಮೈಯಲ್ಲೇ ನಿಲ್ಲುತ್ತವೆ. ಡೈ ಹೊಳಪಿನ ಕಾಗದದ ಮೇಲೆ ಮಿರಮಿರ ಮಿಂಚುತ್ತದೆ, ಆದರೆ ಬೆಳಕಿಗೂ ಗಾಳಿಯಲ್ಲಿನ ಓಝೋನ್‌ಗೂ ಬೇಗ ಮಾಸುತ್ತದೆ. ಪಿಗ್ಮೆಂಟ್ ಜಾಸ್ತಿ ಕಾಲ ಬಾಳುತ್ತದೆ, ಮ್ಯಾಟ್ ಕಾಗದದ ಮೇಲೆ ಅದರ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ.

ಓದಿ ನಂಬದೆ ನಾನೇ ಒಮ್ಮೆ ಪರೀಕ್ಷೆ ಮಾಡಿದೆ. ತಮ್ಮನ ಪ್ರಿಂಟರ್‌ಗೆ ಅಗ್ಗದ ಬೇರೆ ಇಂಕ್ ತುಂಬಿಸಿ ಹೊಡೆದ ಒಂದು ಮಿಂಚುಳ್ಳಿಯನ್ನು ನಡುವೆ ಕತ್ತರಿಸಿ, ತಲೆಯ ಕಡೆಯದನ್ನು ಕಿಟಕಿಯ ಗಾಜಿಗೆ ಅಂಟಿಸಿದೆ. ಬಾಲದ ಕಡೆಯದನ್ನು ದಪ್ಪ ಪುಸ್ತಕದೊಳಗೆ ಇಟ್ಟೆ. ಮೂರು ತಿಂಗಳ ಮೇಲೆ ಎರಡನ್ನೂ ಜೋಡಿಸಿದರೆ, ಒಂದೇ ಹಕ್ಕಿ ಅನ್ನುವ ಹಾಗೇ ಇರಲಿಲ್ಲ. ಎದೆಯ ಕಿತ್ತಳೆ ಬಣ್ಣ ಕಿಟಕಿಯ ಕಡೆ ತೊಳೆದ ಬಟ್ಟೆಯಂತಾಗಿತ್ತು. ಆ ಎರಡು ತುಂಡನ್ನು ಈಗಲೂ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಅಗ್ಗದ ಇಂಕ್ ಕಣ್ಣಿಗೆ ಬಿದ್ದಾಗ ಕೈ ತಡೆಯಲಿ ಅಂತ.

ಇಲ್ಲೇ ಜೇಬಿನ ಮಾತು ಬರುತ್ತದೆ. ಪಿಗ್ಮೆಂಟ್ ಬೇಕೆಂದರೆ ಕ್ಯಾನನ್ ಪ್ರೊ-300, ಎಪ್ಸನ್ ಶ್ಯೂರ್‌ಕಲರ್ ಪಿ700 ತರಹದ ಯಂತ್ರಗಳಿವೆ. ಎರಡರಲ್ಲೂ ಹತ್ತು ಕಾರ್ಟ್ರಿಜ್. ಒಂದು ಖಾಲಿಯಾಗುವಷ್ಟರಲ್ಲಿ ಇನ್ನೊಂದು ಕೈ ಎತ್ತುತ್ತದೆ. ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಇಂಕ್ ಬಾಟಲಿಯಲ್ಲಿ ಬರುತ್ತದೆ, ತುಂಬಾ ಅಗ್ಗ. ಆದರೆ ಆರು ಬಣ್ಣದ ಫೋಟೊ ಟ್ಯಾಂಕ್‌ಗಳು ಹೆಚ್ಚಾಗಿ ಡೈ. ಎಪ್ಸನ್ ಎಲ್8050 ಎ4 ಅಳತೆಗೆ, ಎಲ್18050 ಎ3+ ಅಳತೆಗೆ, ಎರಡೂ ಡೈ. ಇಟಿ-8550ರಲ್ಲಿ ಒಂದು ಕಪ್ಪು ಮಾತ್ರ ಪಿಗ್ಮೆಂಟ್. ಡಬ್ಬಿಯ ಮೇಲೆ 'ಪಿಗ್ಮೆಂಟ್' ಅಂತ ಕಂಡ ಕೂಡಲೇ ಹಿಗ್ಗಬೇಡಿ, ಎಲ್ಲ ಬಣ್ಣವೂ ಹಾಗೇನಾ ಅಂತ ಕೇಳಿ.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಕಾರ್ಡ್, ಬುಕ್‌ಮಾರ್ಕ್, ಸಣ್ಣ ಪ್ರಿಂಟ್‌ಗಳಿಗೆ ಎ4 ಅಳತೆಯ ಆರು ಬಣ್ಣದ ಡೈ ಟ್ಯಾಂಕ್, ಕಂಪನಿಯದೇ ಇಂಕ್. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ದೊಡ್ಡ ಪ್ರಿಂಟ್‌ಗಳನ್ನು ಲ್ಯಾಬಿನಲ್ಲಿ ಪಿಗ್ಮೆಂಟ್‌ನಲ್ಲೇ ಮಾಡಿಸುತ್ತೇನೆ. ತಿಂಗಳಿಗೆ ನಾಲ್ಕು ದೊಡ್ಡ ಪ್ರಿಂಟ್ ಹೋಗುವವಳಿಗೆ ಎ3+ ಯಂತ್ರ ಯಾಕೆ? ಎ3+ ಹಾಳೆ 329×483 ಮಿ.ಮೀ. ಯಂತ್ರಕ್ಕೆ ಅರ್ಧ ಮೇಜು ಬೇಕು. ಇನ್ನೊಂದು ವಿಷಯ: ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ4ಗೆ 2480×3508, ಎ3ಗೆ 3508×4961 ಪಿಕ್ಸೆಲ್ ಬೇಕು. ನಿಮ್ಮ ಸ್ಕ್ಯಾನ್ ಅಷ್ಟಿಲ್ಲದಿದ್ದರೆ ದೊಡ್ಡ ಪ್ರಿಂಟರ್ ತಂದು ಸುಮ್ನೆ ಮಸುಕು ಚಿತ್ರ ತೆಗೆಯಬೇಕು.

'ಒಂದು ಸೆಟ್ ಇಂಕಿಗೆ ಇಷ್ಟು ಸಾವಿರ ಪುಟ' ಅನ್ನುವ ಅಂಕಿಯನ್ನು ಪಕ್ಕಕ್ಕಿಡಿ. ಐಎಸ್‌ಒ 24711 ಅನ್ನುವ ಅಳತೆಯಲ್ಲಿ ಅಚ್ಚು ಹಾಕುವುದು ಆಫೀಸಿನ ಕಡತದಂಥ ಪುಟಗಳನ್ನು, ಅಲ್ಲಿ ಬಿಳಿ ಜಾಗವೇ ಜಾಸ್ತಿ. ನಮ್ಮ ಚಿತ್ರದಲ್ಲಿ ಅಂಚಿನವರೆಗೂ ಬಣ್ಣ. ಮೊದಲ ಸಲ ತುಂಬಿಸಿದ ಇಂಕಿನಲ್ಲಿ ಒಂದು ಪಾಲು ಕೊಳವೆಗಳನ್ನು ತುಂಬಲಿಕ್ಕೇ ಹೋಗುತ್ತದೆ. ಕೆಟ್ಟ ಹಾಳೆಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನನ್ನ ಮೊದಲ ಇಪ್ಪತ್ತು ಹಾಳೆಯಲ್ಲಿ ಏಳು ಕಸದ ಬುಟ್ಟಿಗೆ ಹೋದವು. ನಾಲ್ಕು ತೀರಾ ಕಪ್ಪಾಗಿ ಬಂದವು, ಯಾಕೆಂದರೆ ನನ್ನ ಸ್ಕ್ರೀನಿನ ಬೆಳಕು ಪೂರ್ತಿ ಏರಿತ್ತು. ಎರಡರಲ್ಲಿ ಚಿತ್ರ ತೆರೆದ ಸಾಫ್ಟ್‌ವೇರ್ ಒಮ್ಮೆ, ಪ್ರಿಂಟರ್ ನಡೆಸುವ ಡ್ರೈವರ್ ಪ್ರೋಗ್ರಾಂ ಇನ್ನೊಮ್ಮೆ ಬಣ್ಣ ತಿದ್ದಿದ್ದವು. ತಿದ್ದುವ ಕೆಲಸ ಒಬ್ಬರಿಗೇ ಬಿಡಿ. ಒಂದನ್ನು ತಲೆಕೆಳಗಾಗಿ ಹಾಕಿದ್ದೆ, ಅದು ನನ್ನ ಪಾಲು.

ಈಗ ಯಾರೂ ಮೊದಲೇ ಹೇಳದ ಮಾತು. ಇಂಕ್‌ಜೆಟ್, ಅಂದರೆ ಸಣ್ಣ ತೂತುಗಳಿಂದ ಇಂಕ್ ಚಿಮ್ಮಿಸುವ ಪ್ರಿಂಟರ್, ಸುಮ್ಮನೆ ಕೂತರೆ ತೂತುಗಳಲ್ಲಿ ಇಂಕ್ ಒಣಗಿ ಕೆಡುತ್ತದೆ. ಒಮ್ಮೆ ಒಂದು ತಿಂಗಳು ಮನೆಯಲ್ಲಿರಲಿಲ್ಲ. ಬಂದು ನೋಡಿದರೆ ಕೆನ್ನೇರಳೆ ಸತ್ತುಹೋಗಿತ್ತು, ಮಿಂಚುಳ್ಳಿಯ ಎದೆ ಹಳದಿ. ಆ ತೂತುಗಳನ್ನು ತೊಳೆಯುವ ಹೆಡ್ ಕ್ಲೀನಿಂಗ್ ಮೂರು ಸಲ ಕೊಟ್ಟೆ. ಪ್ರತಿ ಸಲವೂ ಎಲ್ಲ ಬಣ್ಣದ ಇಂಕನ್ನೂ ಹೀರಿ ಹೊರಹಾಕುತ್ತದೆ. ಅದು ಹೋಗುವುದು ಯಂತ್ರದೊಳಗಿನ ಒಂದು ಹೀರುಬಟ್ಟೆಗೆ. ಅದೂ ತುಂಬಿತು. ಮಾರನೆಯ ದಿನ ಎಂಟು ಪ್ರಿಂಟ್ ಕಳಿಸಬೇಕಿತ್ತು, ಯಂತ್ರ ಪೂರ್ತಿ ನಿಂತೇಬಿಟ್ಟಿತು. ಆ ಮಾಡೆಲ್‌ನಲ್ಲಿ ಅದನ್ನು ಬದಲಿಸಲು ಸರ್ವಿಸ್‌ನವರೇ ಬರಬೇಕಿತ್ತು. ಹಾಗಾಗಿ ಕೊಳ್ಳುವಾಗಲೇ ಕೇಳಿ: ಈ ಹೀರುಬಟ್ಟೆ ಇರುವ ಮೇಂಟೆನೆನ್ಸ್ ಬಾಕ್ಸನ್ನು ನಾನೇ ಬದಲಿಸಬಹುದಾ? ಇದಕ್ಕೆ 'ಹೌದು' ಅನ್ನುವ ಯಂತ್ರ ತುಸು ದುಬಾರಿಯಾದರೂ ಪರವಾಗಿಲ್ಲ. ವಾರಕ್ಕೊಂದು ಬಣ್ಣದ ಪುಟ ಹೊಡೆಯುವಷ್ಟೂ ಕೆಲಸ ಇಲ್ಲದಿದ್ದರೆ ಪ್ರಿಂಟರೇ ಬೇಡ, ಲ್ಯಾಬ್ ಸಾಕು.

ಅಂಚಿಲ್ಲದೆ ಪೂರ್ತಿ ಹಾಳೆ ಹೊಡೆಯುವ ಸೌಲಭ್ಯಕ್ಕೆ ಮರುಳಾಗಬೇಡಿ. ಹಾಗೆ ಹೊಡೆದಾಗ ಹಾಳೆಯಾಚೆಗೂ ಇಂಕ್ ಬೀಳುತ್ತದೆ, ಅದೂ ಹೀರುಬಟ್ಟೆಗೇ. ಸುತ್ತ ಬಿಳಿ ಅಂಚು ಬಿಟ್ಟರೆ ಸಹಿ ಹಾಕಲು ಜಾಗ ಸಿಗುತ್ತದೆ, ಫ್ರೇಮ್ ಹಾಕುವವರಿಗೂ ಅನುಕೂಲ. ಪ್ರಿಂಟನ್ನು ಒಂದು ದಿನ ಒಣಗಲು ಬಿಟ್ಟು ಆಮೇಲೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ.

'ಜಿಕ್ಲೆ ಪ್ರಿಂಟಾ?' ಅಂತ ಕೆಲವರು ಕೇಳುತ್ತಾರೆ. 1991ರಲ್ಲಿ ಜ್ಯಾಕ್ ಡುಗ್ಯಾನ್ ಅನ್ನುವ ಮುದ್ರಣಕಾರ ಇಂಕ್‌ಜೆಟ್ ಪ್ರಿಂಟ್‌ಗೆ ಕೊಟ್ಟ ಹೆಸರು ಅದು. ಚಿಮ್ಮಿಸು ಅನ್ನುವ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ನಾನು ಆ ಹೆಸರು ಬಳಸುವುದಿಲ್ಲ. ಹಿಂಬದಿಯಲ್ಲಿ ಕಾಗದದ ಹೆಸರು, ಡೈ ಅಥವಾ ಪಿಗ್ಮೆಂಟ್, ಬಿಸಿಲಿಗೆ ಇಡಬೇಡಿ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಬಹುದಾ? ತೆಗೆದುಕೊಳ್ಳಬಹುದು, ಆದರೆ ನಿಮ್ಮ ಕಣ್ಣೆದುರೇ ನಾಝಲ್ ಚೆಕ್ (ಇಂಕಿನ ತೂತುಗಳು ಕಟ್ಟಿಕೊಂಡಿವೆಯಾ ಅಂತ ತೋರಿಸುವ ಪುಟ) ಹೊಡೆಸಿ. ಪ್ರತಿ ಬಣ್ಣದ್ದೂ ಮೆಟ್ಟಿಲಿನಂಥ ಸಣ್ಣ ಗೆರೆಗಳು ಬರುತ್ತವೆ. ಹಳದಿಯದು ಬಿಳಿ ಹಾಳೆಯ ಮೇಲೆ ಸರಿಯಾಗಿ ಕಾಣುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಒಂದೆರಡು ಗೆರೆ ತುಂಡಾಗಿದ್ದರೆ ಒಂದು ಕ್ಲೀನಿಂಗ್ ಮಾಡಿಸಿ ಮತ್ತೆ ಹೊಡೆಸಿ. ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ತುಂಡಾಗಿದ್ದರೆ ಬೇಡ. ಮಾರುವವರು "ಇವತ್ತು ಇಂಕ್ ಖಾಲಿ, ಮೊನ್ನೆವರೆಗೂ ಚೆನ್ನಾಗಿ ಬರ್ತಿತ್ತು" ಅಂದರೆ, ನಗುತ್ತಾ ವಾಪಸ್ ಬನ್ನಿ.