ಕೋರಾಯ್ಡಿನ ಗಡ್ಡೆ ಮಾತ್ರೆಗೆ ಇಳಿದ ಬಗೆ: ನನ್ನ ಅನುಭವ

ಬೇರೆ ಅಂಗದ ಕ್ಯಾನ್ಸರ್ ಹರಡಿ ಕಣ್ಣಿನ ಕೋರಾಯ್ಡಿನಲ್ಲಿ (ಅಕ್ಷಿಪಟಲದ, ಅಂದರೆ ರೆಟಿನಾದ ಹಿಂದಿನ ರಕ್ತನಾಳಗಳ ಪದರ) ಎದ್ದ ಗಡ್ಡೆ ಬರೀ ಮಾತ್ರೆಗೆ ಇಳಿಯುವುದುಂಟೇ ಎಂದು ನಕ್ಕಿದ್ದ ನೇತ್ರವೈದ್ಯ ಸಹೋದ್ಯೋಗಿಗಳೇ ಈಗ ಫೋನ್ ಮಾಡಿ ವಿವರ ಕೇಳುತ್ತಿರುವುದರಿಂದ, ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ನನ್ನ ಸೋಲು. ಎಂಟು ವರ್ಷಗಳ ಹಿಂದೆ ಮಹಿಳೆಯೊಬ್ಬರ ಅಕ್ಷಿಪಟಲದಡಿ ನೀರು ತುಂಬಿದ್ದನ್ನು ಉರಿಯೂತವೆಂದು ಬಗೆದು ಆರು ವಾರ ಸ್ಟೀರಾಯ್ಡ್ ಕೊಟ್ಟೆ. ಅದು ಕಣ್ಣಿಗೆ ಹರಡಿದ ಸ್ತನ ಕ್ಯಾನ್ಸರ್ ಆಗಿತ್ತು. ಹಿಂದೆ ಆ ಕ್ಯಾನ್ಸರ್ ಆಗಿದ್ದುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ರೇಡಿಯೇಷನ್‌ಗೆ ಕಳಿಸುವ ಹೊತ್ತಿಗೆ ಆ ಕಣ್ಣಿಗೆ ಬೆಳಕಷ್ಟೇ ತಿಳಿಯುತ್ತಿತ್ತು. ಆ ವರ್ಷವೇ ಸುಮಾರು ಮೂರು ಲಕ್ಷಕ್ಕೆ, ಬಳಸಿದ ಬಿ-ಸ್ಕ್ಯಾನ್ (ಕಣ್ಣಿನೊಳಗನ್ನು ತೋರಿಸುವ ಅಲ್ಟ್ರಾಸೌಂಡ್) ಯಂತ್ರವೊಂದನ್ನು ಸಾಲ ಮಾಡಿ ಕೊಂಡೆ.

ಎರಡು ವರ್ಷಗಳ ಹಿಂದೆ, ತಂಬಾಕನ್ನೇ ಮುಟ್ಟದ, ಐವತ್ತರ ಆಸುಪಾಸಿನ ಗೃಹಿಣಿಯೊಬ್ಬರ ಎಡಗಣ್ಣಿನಲ್ಲಿ ಕೆನೆಹಳದಿ ಗಡ್ಡೆ ಕಂಡಿತು. ದಪ್ಪ ನಾಲ್ಕು ಮಿಲಿಮೀಟರ್. ಬಿ-ಸ್ಕ್ಯಾನಿನಲ್ಲಿ ಒಳಗಿನ ಪ್ರತಿಧ್ವನಿ, ಕಣ್ಣಿನಲ್ಲೇ ಹುಟ್ಟುವ ಕ್ಯಾನ್ಸರಾದ ಮೆಲನೋಮಾದಷ್ಟು ಕ್ಷೀಣವಾಗಿರಲಿಲ್ಲ. ಬೇರೆಡೆಯಿಂದ ಹರಡಿದ್ದಿರಬಹುದೆನಿಸಿತು. ಕ್ಯಾನ್ಸರ್ ಇತಿಹಾಸವಿಲ್ಲವೆಂಬ ಮಾತಿಗೆ ಈ ಸಲ ನಾನು ನಿಲ್ಲಲಿಲ್ಲ. 1997ರಲ್ಲಿ ಪ್ರಕಟವಾದ ಕಣ್ಣಿಗೆ ಕ್ಯಾನ್ಸರ್ ಹರಡಿದ 420 ರೋಗಿಗಳ ಫಿಲಡೆಲ್ಫಿಯಾ ಅಧ್ಯಯನದಲ್ಲೂ ಮೂವರಲ್ಲೊಬ್ಬರಿಗೆ ಕಣ್ಣು ಕೆಡುವ ತನಕ ಮೂಲ ಕ್ಯಾನ್ಸರ್ ಗೊತ್ತಿರಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಗಡ್ಡೆಯೂ, ಅದರ ತುಣುಕಿನಲ್ಲಿ ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ನೂ (ಕ್ಯಾನ್ಸರನ್ನು ಬೆಳೆಸುವ ಒಂದು ಜೀನ್ ಬದಲಾವಣೆ, ಅಂದರೆ ಮ್ಯುಟೇಷನ್) ಸಿಕ್ಕವು.

ಆ ಮ್ಯುಟೇಷನ್ನಿಗೆ ಕೊಡುವ ಮಾತ್ರೆಯಾದ ಜೆಫಿಟಿನಿಬ್ ಆರಂಭಿಸಿ ಕಣ್ಣಿನ ರೇಡಿಯೇಷನ್ನನ್ನು ಒಂದೂವರೆ ತಿಂಗಳು ತಡೆಹಿಡಿಯೋಣ, ಪ್ರತಿವಾರ ನಾನೇ ಅಳೆಯುತ್ತೇನೆ ಎಂದೆ. ರಕ್ತದಲ್ಲಿರುವುದು ಅಕ್ಷಿಪಟಲಕ್ಕೆ ಸೋರದಂತೆ ಕಾಯುವ ರಕ್ತ-ಅಕ್ಷಿಪಟಲದ ತಡೆಯನ್ನು ಔಷಧ ದಾಟದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಕೋರಾಯ್ಡ್ ಆ ತಡೆಯ ಹೊರಗಿದೆಯೆಂಬುದನ್ನು ಅವರಿಗೆ ನೆನಪಿಸಬೇಕಾಯಿತು. ಆದರೂ ಮೂರು ವಾರ ಅಳತೆ ಕದಲದಿದ್ದಾಗ ನನಗೇ ನಿದ್ದೆ ಬರಲಿಲ್ಲ. ಐದನೆಯ ವಾರ ಅದು ಮೂರಕ್ಕೆ ಇಳಿಯಿತು, ಮೂರು ತಿಂಗಳಿಗೆ ಒಂದೂವರೆಗೆ. ಎದುರಿಗೆ ಹಿಡಿದ ಬೆರಳನ್ನಷ್ಟೇ ಎಣಿಸಬಲ್ಲದಾಗಿದ್ದ ಕಣ್ಣು 6/18ಕ್ಕೆ (ಸಹಜ ಕಣ್ಣು ಹದಿನೆಂಟು ಮೀಟರಿನಿಂದ ಓದುವುದನ್ನು ಆರು ಮೀಟರಿನಿಂದ ಓದುವಷ್ಟು) ಬಂತು. ನೆನಪಿನಂತೆ ಜೀನ್ ಪರೀಕ್ಷೆಗೆ ಒಂಬತ್ತು ಸಾವಿರ, ಮಾತ್ರೆಗೆ ತಿಂಗಳಿಗೆ ನಾಲ್ಕು ಸಾವಿರದಷ್ಟು ಖರ್ಚಾಯಿತು. ಬೆಂಗಳೂರಿನಲ್ಲಿ ಕೋಣೆ ಹಿಡಿದು ರೇಡಿಯೇಷನ್ ಮುಗಿಸುವುದು ಆ ಕುಟುಂಬಕ್ಕೆ ಇದಕ್ಕಿಂತ ಭಾರವಾಗುತ್ತಿತ್ತು.

ಪ್ರತಿವಾರ ಬಿ-ಸ್ಕ್ಯಾನಿನ ಪ್ರೋಬನ್ನು (ಕಣ್ಣಿಗೆ ತಾಗಿಸುವ ಭಾಗ) ಅದೇ ಜಾಗಕ್ಕೆ, ಅದೇ ಕೋನಕ್ಕೆ ತರಲು ನಾನು ಹಿಡಿದ ಗುರುತನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಪಕ್ಕದಲ್ಲಿ ಕುಳಿತವರಿಗೆ ತೋರಿಸುತ್ತೇನೆ. ಈ ನಡುವೆ ಮೊಬೈಲಿಗೆ 20ಡಿ ಲೆನ್ಸ್ (ಕಣ್ಣಿನ ಹಿಂಬದಿ ನೋಡಲು ವೈದ್ಯರು ಕೈಯಲ್ಲಿ ಹಿಡಿಯುವ ಮಸೂರ) ಹಿಡಿದು ಫಂಡಸ್, ಅಂದರೆ ಕಣ್ಣಿನ ಒಳಹಿಂಬದಿಯ ಚಿತ್ರ ತೆಗೆಯುವುದನ್ನೂ ಪಳಗಿಸಿಕೊಂಡೆ. ಬಣ್ಣ ನಂಬುವಂತಿಲ್ಲ, ಗಡ್ಡೆಯ ಅಂಚು ಮಾತ್ರ ಚೆನ್ನಾಗಿ ಬರುತ್ತದೆ.

ಇದೇ ಧೈರ್ಯದಲ್ಲಿ, ಕಣ್ಣಿಗೆ ಕ್ಯಾನ್ಸರ್ ಹರಡಿದ್ದರೂ ಅಂಥ ಮ್ಯುಟೇಷನ್ ಇಲ್ಲದ ಮತ್ತೊಬ್ಬರಲ್ಲಿ ಕೀಮೋವನ್ನಷ್ಟೇ ನೆಚ್ಚಿ ಕಾದೆ. ಐದು ವಾರದೊಳಗೆ ನೀರು ಮ್ಯಾಕ್ಯುಲಾದ (ಅಕ್ಷಿಪಟಲದ ನಡುಭಾಗ, ನೇರ ನೋಟದ ಜಾಗ) ಕೆಳಗೆ ಹರಿದು, ತುರ್ತಾಗಿ ರೇಡಿಯೇಷನ್‌ಗೆ ಕಳಿಸಬೇಕಾಯಿತು.

ಆ ಗೃಹಿಣಿಯ ಶ್ವಾಸಕೋಶದ ಗಡ್ಡೆ ಹದಿನಾಲ್ಕನೆಯ ತಿಂಗಳಲ್ಲಿ ಮತ್ತೆ ಬೆಳೆದು ಔಷಧ ಬದಲಾಗಿದೆ. ಕಣ್ಣಿನದು ಕಳೆದ ವಾರದ ಅಳತೆಯಲ್ಲೂ ಒಂದೂವರೆ ಮಿಲಿಮೀಟರನ್ನು ದಾಟಿಲ್ಲ.