ಟೊಯೋಟಾ 86ಕ್ಕೆ ಹೆಡರ್ ಹಾಕಿದ ಬಗೆ: ಟಾರ್ಕ್ ಹೊಂಡ ತುಂಬಿಸಿದ ಅನುಭವ

ಟೊಯೋಟಾ 86, ಸುಬಾರು ಬಿಆರ್‌ಝಡ್, ಸೈಯನ್ ಎಫ್‌ಆರ್‌-ಎಸ್ ಮೂರೂ ಹೆಚ್ಚುಕಮ್ಮಿ ಒಂದೇ ಕಾರು. ಮೊದಲ ತಲೆಮಾರಿನವಕ್ಕೆಲ್ಲ ಸುಬಾರುವಿನ ಎಫ್‌ಎ20 ಬಾಕ್ಸರ್ (ಸಿಲಿಂಡರ್‌ಗಳು ಎರಡು ಪಕ್ಕಕ್ಕೆ ಅಡ್ಡ ಮಲಗಿರುವ) ಎಂಜಿನ್: 1998 ಸಿಸಿ, ಬೋರ್ 86 ಮಿಮೀ, ಸ್ಟ್ರೋಕ್ 86 ಮಿಮೀ, ಕಂಪ್ರೆಷನ್ 12.5:1. 2013ರ ಅಮೆರಿಕನ್ ಮಾಡೆಲ್‌ಗೆ ಕಂಪನಿ ಕೊಟ್ಟ ಲೆಕ್ಕ 200 ಎಚ್‌ಪಿ, 151 ಪೌಂಡ್-ಅಡಿ ಟಾರ್ಕ್. ಓಡಿಸಿದವರಿಗೆಲ್ಲ ಗೊತ್ತಿರುವ ಕೊರತೆ ಇದರಲ್ಲಿ ಒಂದಿದೆ. 3,500 ಆರ್‌ಪಿಎಂ ಆಸುಪಾಸಿನಲ್ಲಿ ಟಾರ್ಕ್ ಕುಸಿದು, 4,500 ದಾಟಿದ ಮೇಲೆ ಮತ್ತೆ ಏಳುತ್ತದೆ. ಎಂಜಿನ್ ಬಲ ಅಳೆಯುವ ಡೈನೊ ಯಂತ್ರದ ಗ್ರಾಫಿನಲ್ಲಿ ಮಳೆಗಾಲದ ರಸ್ತೆಯ ಹೊಂಡದಂತೆಯೇ ಕಾಣುತ್ತದೆ. ನಿಧಾನದ ತಿರುವಿನಿಂದ ಹೊರಬರುವಾಗ ಎಂಜಿನ್ ಇರುವುದು ಸರಿಯಾಗಿ ಅದೇ ಜಾಗದಲ್ಲಿ. ನಾನು ಹೆಡರ್ (ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಎಕ್ಸಾಸ್ಟಿಗೆ ಒಯ್ಯುವ ಪೈಪುಗಳ ಜೋಡಣೆ) ಕೊಂಡದ್ದು ಈ ಹೊಂಡ ತುಂಬಿಸಲು. 7,000 ಆರ್‌ಪಿಎಂನಲ್ಲಿ ಎಷ್ಟು ಎಚ್‌ಪಿ ಹೆಚ್ಚಾಯಿತು ಎನ್ನುವುದನ್ನು ಎರಡನೆಯ ಲೆಕ್ಕವಾಗಿ ಇಟ್ಟುಕೊಂಡೆ. ಆಯ್ಕೆಯೆಲ್ಲ ಸುಲಭವಾದದ್ದು ಇದರಿಂದಲೇ.

ಹೆಡರ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಮಾರುವವರ ಮಾತನ್ನು ಅಳೆಯಬಹುದು. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಡುವ ಒತ್ತಡದ ಅಲೆ, ಪೈಪುಗಳು ಕೂಡುವ ಕಲೆಕ್ಟರ್ ತಲುಪಿದೊಡನೆ ಇಳಿ ಒತ್ತಡದ ಅಲೆಯಾಗಿ ಹಿಂದಕ್ಕೆ ಬರುತ್ತದೆ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ವಾಲ್ವ್ ಸ್ವಲ್ಪ ತೆರೆದಿರುವ ಗಳಿಗೆಗೆ ಅದು ವಾಲ್ವ್ ಮುಟ್ಟಿದರೆ, ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ಅದೇ ಗಳಿಗೆಗೆ ಏರು ಒತ್ತಡ ಬಂದರೆ ಹೊಗೆ ಒಳಕ್ಕೇ ತಳ್ಳಿಸಿಕೊಳ್ಳುತ್ತದೆ. 4,000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಹಾಕಲು 15 ಮಿಲಿಸೆಕೆಂಡ್ ಬೇಕು. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ 550 ಮೀಟರ್‌ಗೂ ಮೇಲೆ ಓಡುತ್ತದೆ. ಆದ್ದರಿಂದ ಪೈಪ್ ಎಷ್ಟು ಉದ್ದ, ಯಾವ ಎರಡನ್ನು ಎಲ್ಲಿ ಸೇರಿಸಿದ್ದಾರೆ ಎನ್ನುವುದರ ಮೇಲೆ ಯಾವ ಆರ್‌ಪಿಎಂಗೆ ಲಾಭ ಎಂಬುದು ನಿಂತಿದೆ. ಪೈಪಿನ ಹೊಳಪಿಗೂ ಇದಕ್ಕೂ ಸಂಬಂಧವಿಲ್ಲ.

ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-2-4. 1 ಮತ್ತು 3 ಒಂದು ಪಕ್ಕದ ಹೆಡ್ಡಿನಲ್ಲಿ, 2 ಮತ್ತು 4 ಇನ್ನೊಂದರಲ್ಲಿ. ಒಂದೇ ಪಕ್ಕದ ಎರಡು ಸಿಲಿಂಡರ್‌ಗಳು 180 ಡಿಗ್ರಿ ಅಂತರದಲ್ಲಿ ಒಂದರ ಬೆನ್ನಿಗೆ ಒಂದು ಹೊಗೆ ಬಿಡುತ್ತವೆ. ಹತ್ತಿರದ ಜೋಡಿಯನ್ನೇ ಕೂಡಿಸಿ, ಒಂದು ಪಕ್ಕದ್ದು ಗಿಡ್ಡ, ಇನ್ನೊಂದು ಉದ್ದ ಎಂದು ಬಿಟ್ಟರೆ ಅದು ‘ಅನ್‌ಈಕ್ವಲ್ ಲೆಂಗ್ತ್’. ಸುಬಾರುವಿನ ಹೆಸರುವಾಸಿ ಗುಡುಗುಡು ಸದ್ದು ಬರುವುದು ಅದರಿಂದ. 1ನ್ನು 2ರ ಜೊತೆ, 3ನ್ನು 4ರ ಜೊತೆ ಎಂಜಿನ್ ಅಡಿಯಲ್ಲಿ ದಾಟಿಸಿ ಸೇರಿಸಿದರೆ ಪ್ರತಿ ಜೋಡಿಗೂ 360 ಡಿಗ್ರಿ ಅಂತರ ಸಿಗುತ್ತದೆ. ಒಂದರ ಅಲೆ ಇನ್ನೊಂದರ ಕಾಲಿಗೆ ಅಡ್ಡ ಬರುವುದಿಲ್ಲ. ನಾನು ಆರಿಸಿದ್ದು ಈ ಬಗೆಯ ಈಕ್ವಲ್ ಲೆಂಗ್ತ್ 4-2-1 (ನಾಲ್ಕು ಪೈಪು ಎರಡಾಗಿ, ಆ ಎರಡು ಒಂದಾಗಿ ಸೇರುವುದು). ನಾಲ್ಕೂ ಒಂದೇ ಕಡೆ ಸೇರುವ 4-1 ಮೇಲಿನ ಆರ್‌ಪಿಎಂಗೆ ಒಳ್ಳೆಯದು, ನಡುವಿನ ಹೊಂಡಕ್ಕೆ ಅಷ್ಟು ನೆರವಾಗದು. ಗುಡುಗುಡು ಸದ್ದೇ ಬೇಕು ಎನ್ನುವವರು ಅನ್‌ಈಕ್ವಲ್ ತೆಗೆದುಕೊಳ್ಳಲಿ, ಅದರಲ್ಲೂ ಹೊಂಡವನ್ನು ಚೆನ್ನಾಗಿ ತುಂಬಿಸುವ ಹೆಡರ್‌ಗಳಿವೆ.

ಕಾನೂನಿನ ಮಾತನ್ನು ದುಡ್ಡು ಕೊಡುವ ಮೊದಲೇ ಮುಗಿಸಿಕೊಳ್ಳಬೇಕು. ಈ ಕಾರಿನಲ್ಲಿ ಹೊಗೆ ಶುದ್ಧಗೊಳಿಸುವ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಸ್ಟಾಕ್, ಅಂದರೆ ಕಾರಿನ ಜೊತೆ ಬಂದ, ಹೆಡರಿನ ಒಳಗೇ ಇದೆ, ಎರಡನೆಯದು ಫ್ರಂಟ್ ಪೈಪಿನಲ್ಲಿ. ಹೆಡರ್ ಬಿಚ್ಚಿದರೆ ಕ್ಯಾಟ್ ಬಿಚ್ಚಿದಂತೆಯೇ. ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ರಸ್ತೆ ಕಾರಿನಲ್ಲಿ ಅದಕ್ಕೆ ಅನುಮತಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಹೆಡರಿಗೆ ಏರ್ ರಿಸೋರ್ಸಸ್ ಬೋರ್ಡಿನ ಎಕ್ಸಿಕ್ಯೂಟಿವ್ ಆರ್ಡರ್ (ಇಓ) ಎಂಬ ಅನುಮತಿಯ ಸಂಖ್ಯೆ ಇರಲೇಬೇಕು. ‘ಕ್ಯಾಟ್ ಇದೆಯಲ್ಲ’ ಎಂದರೆ ಸಾಲದು. 2021ರ ಜುಲೈನಿಂದ ಅಲ್ಲಿನ ಸ್ಮಾಗ್ ಟೆಸ್ಟಿನಲ್ಲಿ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿನ ಸಾಫ್ಟ್‌ವೇರ್ ಬದಲಾಗಿದೆಯೇ ಎಂದೂ ನೋಡುತ್ತಾರೆ, ಹಾಗಾಗಿ ಟ್ಯೂನ್ ಮಾಡಿದ, ಅಂದರೆ ಆ ಸಾಫ್ಟ್‌ವೇರ್ ಬದಲಿಸಿದ, ಕಾರು ಪೈಪ್ ನೋಡುವ ಮೊದಲೇ ಸಿಕ್ಕಿಬೀಳುತ್ತದೆ. ನನ್ನ ಕಾರು ಟ್ರ್ಯಾಕಿಗೆ ಮಾತ್ರ. ಟ್ರೇಲರ್ ಮೇಲೆ ಹೋಗಿ ಟ್ರೇಲರ್ ಮೇಲೆ ಬರುತ್ತದೆ, ವಾಹನ ನೋಂದಣಿ ಇಲಾಖೆಯಾದ ಡಿಎಂವಿಯಲ್ಲಿ ‘ಪ್ಲ್ಯಾನ್ಡ್ ನಾನ್-ಆಪರೇಷನ್’ (ರಸ್ತೆಗಿಳಿಯದ ಕಾರು) ಎಂದು ದಾಖಲಾಗಿದೆ. ಹಾಗಿದ್ದೂ 200 ಸೆಲ್ (ಚದರ ಇಂಚಿಗೆ 200 ರಂಧ್ರ) ಮೆಟಲ್ ಕ್ಯಾಟ್ ಇರುವ ಹೆಡರನ್ನೇ ಕೊಂಡೆ. ಕ್ಯಾಟ್ ಇಲ್ಲದ ಹೆಡರಿನ ನಾತ ಪಿಟ್‌ನಲ್ಲಿ ನಿಂತವರ ಗಂಟಲಿಗೆ ಹಿಡಿಯುತ್ತದೆ, ಸದ್ದಿನ ಮಿತಿಯೂ ಮೀರುತ್ತದೆ. ಲಗುನಾ ಸೆಕಾದಲ್ಲಿ ಸಾಮಾನ್ಯ ಟ್ರ್ಯಾಕ್ ದಿನಗಳ ಮಿತಿ 90 ಡೆಸಿಬಲ್ ಆಸುಪಾಸು. ದಿನನಿತ್ಯ ಓಡಿಸುವ ಕಾರಾದರೆ ಇಓ ಸಂಖ್ಯೆ ಇರುವುದನ್ನು ಹುಡುಕಿ, ಇಲ್ಲವೇ ಸ್ಟಾಕ್ ಹೆಡರನ್ನು ಮುಟ್ಟಬೇಡಿ.

ಬೆಲೆ 500 ಡಾಲರ್‌ನಿಂದ 1,500ರವರೆಗೂ ಇದೆ. ವ್ಯತ್ಯಾಸ ಕಾಣುವುದು ಬೆಸುಗೆಯಲ್ಲಿ. ಪೆಟ್ಟಿಗೆ ತೆರೆದೊಡನೆ ಟಾರ್ಚ್ ಹಿಡಿದು ಪೋರ್ಟಿನ ಒಳಗೆ ನೋಡುತ್ತೇನೆ. ಟಿಗ್ ಬೆಸುಗೆ ಹಾಕುವಾಗ ಪೈಪಿನೊಳಗೆ ಆರ್ಗಾನ್ ತುಂಬಿಸಿದ್ದರೆ ಒಳಗಿನ ಗೆರೆ ನಯವಾಗಿರುತ್ತದೆ. ತುಂಬಿಸದೆ ಹಾಕಿದ್ದರೆ ಕರಿ ಬೆಲ್ಲದ ಪುಡಿ ಉದುರಿಸಿದಂತೆ ಹರಳುಗಟ್ಟಿರುತ್ತದೆ. ಬಿರುಕು ಶುರುವಾಗುವುದು ಅಲ್ಲಿಂದ, ಉದುರಿದ ಹರಳು ನೇರ ಹೋಗಿ ಕ್ಯಾಟಿಗೆ ಬೀಳುತ್ತದೆ. ಬೆರಳು ಹಾಕಿ ಸವರಿದರೆ ಬೆಸುಗೆಯ ಏಣು ಪೋರ್ಟಿನೊಳಕ್ಕೆ ಚಾಚಿದೆಯೇ ಎಂದು ತಿಳಿಯುತ್ತದೆ. ಆಮೇಲೆ ಎಂಜಿನ್ ಹೆಡ್ಡಿಗೆ ಕೂರುವ ಚಪ್ಪಟೆ ಫ್ಲ್ಯಾಂಜ್ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸುವುದು. 0.1 ಮಿಮೀ ಎಲೆ ಸಲೀಸಾಗಿ ಹೊಕ್ಕರೆ ಆ ಹೆಡರನ್ನು ವಾಪಸ್ ಕಳಿಸುತ್ತೇನೆ, ಬಿಗಿದು ಸರಿಮಾಡುವ ಹಟ ಬೇಡ. ಬಾಗಿದ ಫ್ಲ್ಯಾಂಜನ್ನು ಬಿಗಿಯುವಾಗ ಮೊದಲು ಸೋಲುವುದು ಅಲ್ಯೂಮಿನಿಯಂ ಹೆಡ್ಡಿನ ಸ್ಟಡ್.

ಜಾಹೀರಾತಿನ ಡೈನೊ ಗ್ರಾಫಿನಲ್ಲಿ ಮೂರು ಸಂಗತಿ ನೋಡಿ. ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿದೆಯೇ? ‘ಮೊದಲು’ ಮತ್ತು ‘ಆಮೇಲೆ’ ಎರಡೂ ಒಂದೇ ಪೆಟ್ರೋಲಿನಲ್ಲಿ ಆಗಿವೆಯೇ? ‘ಮೊದಲು’ ಸ್ಟಾಕ್ ಟ್ಯೂನ್, ‘ಆಮೇಲೆ’ ಹೊಸ ಟ್ಯೂನ್ ಆಗಿದೆಯೇ? ಸ್ಟಾಕ್ ಕಾರನ್ನು 91 ಆಕ್ಟೇನ್‌ನಲ್ಲಿ, ಹೆಡರ್ ಹಾಕಿದ್ದನ್ನು ಇ85ನಲ್ಲಿ (ಬಹುಪಾಲು ಎಥೆನಾಲ್ ಇರುವ ಇಂಧನ) ಓಡಿಸಿ ಪಕ್ಕಪಕ್ಕ ತೋರಿಸುವುದುಂಟು. ಆ ಲಾಭದಲ್ಲಿ ಹೆಡರಿನ ಪಾಲು ಎಷ್ಟು ಎಂದು ಯಾರೂ ಹೇಳಲಾರರು.

ಕೂರಿಸುವ ಕೆಲಸ ಬಾಕ್ಸರ್ ಎಂಜಿನ್ನಿನಲ್ಲಿ ಕೆಳಗಿನಿಂದ, ಏಕೆಂದರೆ ಎಕ್ಸಾಸ್ಟ್ ಪೋರ್ಟುಗಳು ನೆಲದ ಕಡೆ ನೋಡುತ್ತವೆ. ನಾಲ್ಕು ಜ್ಯಾಕ್ ಸ್ಟ್ಯಾಂಡ್ ಮೇಲೆ ಕಾರನ್ನು ಸಮವಾಗಿ ಏರಿಸಿ ಅಡಿಯ ತಟ್ಟೆ ಬಿಚ್ಚಬೇಕು. ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೂ ಪೆನೆಟ್ರೇಟಿಂಗ್ ಆಯಿಲ್ ಹೊಡೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ಒಣ ನಟ್ ತಿರುಗಿಸಿದರೆ ಅದರೊಟ್ಟಿಗೆ ಸ್ಟಡ್ಡೂ ಬರುತ್ತದೆ. ಹಾಗೆ ಬಂದರೆ ಎರಡು ನಟ್ ಒಂದರ ಮೇಲೊಂದು ಬಿಗಿದು ಸ್ಟಡ್ಡನ್ನು ವಾಪಸ್ ಕೂರಿಸಿ. ಎಳೆ (ಥ್ರೆಡ್) ಹಾಳಾಗಿದ್ದರೆ ಹೊಸ ಸ್ಟಡ್.

ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬಿಚ್ಚಲು 22 ಮಿಮೀ ಸೀಳು ಸಾಕೆಟ್ ಬೇಕು. ಮೊದಲು ಕನೆಕ್ಟರ್ ಕಳಚಿ, ವೈರು ಸೆನ್ಸರ್ ಜೊತೆ ತಿರುಗಲು ಬಿಡಿ. ಹಾಕುವಾಗ ವೈರನ್ನು ಮೊದಲೇ ನಾಲ್ಕೈದು ಸುತ್ತು ಎಡಕ್ಕೆ ತಿರುಚಿಕೊಂಡರೆ, ಸೆನ್ಸರ್ ಬಿಗಿಯಾಗುವ ಹೊತ್ತಿಗೆ ವೈರು ನೇರವಾಗುತ್ತದೆ. ಎಳೆ ಎಂ18×1.5. ನಿಕಲ್ ಆಂಟಿ-ಸೀಜ್ ಎಳೆಗೆ ಮಾತ್ರ, ತುದಿಗೆ ಒಂದು ಚುಕ್ಕೆಯೂ ತಾಗಬಾರದು. ಗ್ಯಾಸ್ಕೆಟ್ ಬದಲು ಸಿಲಿಕೋನ್ ಬಳಿಯುವವರಿದ್ದಾರೆ, ಅದರ ಆವಿ ಸೆನ್ಸರನ್ನು ಕೊಲ್ಲುತ್ತದೆ. ಪೆಟ್ಟಿಗೆಯಲ್ಲಿ ಬರುವ ತೆಳು ಗ್ಯಾಸ್ಕೆಟ್ ಎಸೆದು ಕಂಪನಿಯ ಬಹುಪದರದ ಲೋಹದ ಗ್ಯಾಸ್ಕೆಟ್ ಹಾಕಿದೆ.

ಎಲ್ಲ ನಟ್‌ಗಳನ್ನೂ ಕೈಯಲ್ಲೇ ಕೂರಿಸಿ, ಹೆಡರನ್ನು ಫ್ರಂಟ್ ಪೈಪಿಗೆ ಜೋಡಿಸುವ ಓವರ್‌ಪೈಪ್ ಕಡೆಯ ಬೋಲ್ಟ್‌ಗಳನ್ನು ಸಡಿಲವಾಗಿಯೇ ಹಾಕಿ, ಹೆಡರ್ ತಾನಾಗಿ ನಿಲ್ಲುವ ಜಾಗದಲ್ಲಿ ನಿಂತಿದೆಯೇ ನೋಡಿ. ಎಳೆದು ಕೂರಿಸಿದರೆ ಬಿಸಿಯಾದಾಗ ಆ ಎಳೆತ ಬೆಸುಗೆಯ ಮೇಲೆ ಬೀಳುತ್ತದೆ. ಆಮೇಲೆ ನಡುವಿನಿಂದ ಹೊರಕ್ಕೆ, ಎರಡು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ ಬಿಗಿಯಬೇಕು. ಆಯಿಲ್ ಪ್ಯಾನಿಗೂ ಪೈಪಿಗೂ ನಡುವೆ ಬೆರಳು ಆಡುವಷ್ಟು ಸಂದಿರಲಿ. ಬಟ್ಟೆ ಸುತ್ತುವ ಹೀಟ್ ವ್ರ್ಯಾಪ್ ತೇವ ಹಿಡಿದಿಟ್ಟು ಸ್ಟೀಲನ್ನು ತಿನ್ನುತ್ತದೆ, ನನ್ನ ಒಲವು ಸೆರಾಮಿಕ್ ಕೋಟಿಂಗ್ ಕಡೆಗೆ. ಸ್ಟಾರ್ಟ್ ಮಾಡುವ ಮೊದಲು ಪೈಪುಗಳ ಮೇಲಿನ ಬೆರಳಚ್ಚನ್ನೆಲ್ಲ ಆಲ್ಕೊಹಾಲ್ ಹಾಕಿ ಒರೆಸಿ, ಇಲ್ಲದಿದ್ದರೆ ಆ ಕಲೆ ಅಲ್ಲೇ ಸುಟ್ಟು ಉಳಿಯುತ್ತದೆ.

ತಣ್ಣಗಿದ್ದಾಗ ‘ಟಿಕ್ ಟಿಕ್’ ಎಂದು, ಬಿಸಿಯಾದ ಮೇಲೆ ನಿಂತುಹೋಗುವ ಸದ್ದು ಸೋರಿಕೆಯದು. ಸೆನ್ಸರ್‌ಗಿಂತ ಮುಂಚಿನ ಸೋರಿಕೆ ಬಹಳ ಮೋಸ ಮಾಡುತ್ತದೆ. ಎರಡು ಹೊಗೆಯ ಅಲೆಗಳ ನಡುವಿನ ಇಳಿ ಒತ್ತಡ ಆ ಸಂದಿಯಿಂದ ಹೊರಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ಲೀನ್, ಅಂದರೆ ಪೆಟ್ರೋಲ್ ಸಾಲದು, ಎಂದು ಸೆನ್ಸರ್ ಸುಳ್ಳು ಹೇಳುತ್ತದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಇದನ್ನು ಹಿಡಿಯಲು ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯಿಯನ್ನು ಟೈಲ್‌ಪೈಪಿಗೆ ಕಟ್ಟಿ, ಸಂದಿಗಳಿಗೆ ಸೋಪಿನ ನೀರು ಸಿಂಪಡಿಸುತ್ತೇನೆ. ಗುಳ್ಳೆ ಎದ್ದ ಕಡೆ ಕೈ ಹಾಕಿದರಾಯಿತು.

ಹೆಡರ್ ಒಂದನ್ನೇ ಹಾಕಿ ಬಿಟ್ಟರೆ ಲಾಭದ ಅರ್ಧವೂ ಕೈಗೆ ಬರುವುದಿಲ್ಲ. ಹೊಂಡದ ಒಂದು ಭಾಗ ಕ್ಯಾಮ್ ಟೈಮಿಂಗಿನಲ್ಲಿದೆ, ಅದನ್ನು ಬದಲಿಸಲು ಟ್ಯೂನ್ ಬೇಕು. ಟ್ಯೂನ್ ತುಂಬುವ ಸಲಕರಣೆ ಇಕ್ಯೂಟೆಕ್ ಅಥವಾ ಓಪನ್‌ಫ್ಲ್ಯಾಶ್ ಟ್ಯಾಬ್ಲೆಟ್, ಯಾವುದಾದರೂ ಆದೀತು. ಈ ಎಂಜಿನ್ನನ್ನು ಬಲ್ಲ ಟ್ಯೂನರ್ ಮುಖ್ಯ. ಹೆಡರ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ, ಅದೇ ಡೈನೊದಲ್ಲಿ, ನಾಲ್ಕನೇ ಗೇರಿನಲ್ಲಿ, ಅದೇ ಪೆಟ್ರೋಲಿನಲ್ಲಿ, ಆಯಿಲ್ ಬಿಸಿ ಒಂದೇ ಇರುವಾಗ ಓಡಿಸಿ. ಲಾಗ್‌ನಲ್ಲಿ ನಾಕ್ ಕರೆಕ್ಷನ್ (ಇಂಧನ ಅಕಾಲದಲ್ಲಿ ಸಿಡಿದಾಗ ಇಸಿಯು ಮಾಡುವ ತಿದ್ದುಪಡಿ), ಫ್ಯೂಯಲ್ ಟ್ರಿಮ್ (ಇಂಧನದ ಲೆಕ್ಕಕ್ಕೆ ಅದು ಮಾಡುವ ತಿದ್ದುಪಡಿ), ಏರ್-ಫ್ಯೂಯಲ್ ಅನುಪಾತ ಮೂರನ್ನೂ ನೋಡಬೇಕು. ಟ್ರಿಮ್ ಶೇ 5ರ ಒಳಗಿರಲಿ. ಕ್ಯಾಲಿಫೋರ್ನಿಯಾದ 91 ಆಕ್ಟೇನ್, 12.5:1 ಕಂಪ್ರೆಷನ್ನಿಗೆ ಅಂಚಿನ ಇಂಧನ, ಬೇರೆ ರಾಜ್ಯದ 93ರ ಟ್ಯೂನನ್ನು ಇಲ್ಲಿಗೆ ತಂದು ಹಾಕಬೇಡಿ. ಇ85 ಹಾಕಿದರೆ ಸುಮಾರು ಶೇ 30ರಷ್ಟು ಹೆಚ್ಚು ಇಂಧನ ಬೇಕು. ಟರ್ಬೊ ಇಲ್ಲದ ಕಾರಿನಲ್ಲಿ ಸ್ಟಾಕ್ ಇಂಜೆಕ್ಟರ್‌ಗಳೇ ಅದನ್ನು ತಾಳಿಕೊಳ್ಳುತ್ತವೆ. ಪಿ0420 ಕೋಡ್ ಬಂದರೆ ಕ್ಯಾಟ್ ಸಾಕಷ್ಟು ಕೆಲಸ ಮಾಡುತ್ತಿಲ್ಲ ಎಂದರ್ಥ, ಹಿಂದಿನ ಸೆನ್ಸರಿಗೆ ಸ್ಪೇಸರ್ ಹಾಕಿ ಅದರ ಬಾಯಿ ಮುಚ್ಚಿಸುವುದು ದುರಸ್ತಿಯಲ್ಲ.

ಮಿಕ್ಕ ಅಪ್‌ಗ್ರೇಡ್‌ಗಳಲ್ಲಿ ಇನ್‌ಟೇಕ್ ಕೊಳ್ಳಲಿಲ್ಲ. ಸ್ಟಾಕ್ ಡಬ್ಬಿ ಒಳ್ಳೆಯದು. ಬದಲಿಸಿದರೆ ಗಾಳಿ ಅಳೆಯುವ ಮ್ಯಾಫ್ ಸೆನ್ಸರಿನ ಲೆಕ್ಕ ಕೆಡುತ್ತದೆ. ಕ್ಯಾಟ್‌ಬ್ಯಾಕ್, ಅಂದರೆ ಕ್ಯಾಟ್ ನಂತರದ ಎಕ್ಸಾಸ್ಟ್, ಬದಲಿಸಿದರೆ ಬರುವುದು ಬಹುಪಾಲು ಸದ್ದು. 4.1ರ ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚಿನ ಕೊನೆಯ ಗೇರ್ ಅನುಪಾತ) ಇರುವ ಮ್ಯಾನ್ಯುಯಲ್ ಕಾರಿಗೆ 2017ರ ನಂತರದ 4.3 ಹಾಕಿದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಶೇ 5ರಷ್ಟು ಹೆಚ್ಚು ಟಾರ್ಕ್ ಸಿಗುತ್ತದೆ, ಹೊಂಡದೊಳಗೂ ಅಷ್ಟೇ. ಟೈರ್, ಬ್ರೇಕ್ ಪ್ಯಾಡ್, ಹೆಚ್ಚು ಕಾವು ತಡೆಯುವ ಬ್ರೇಕ್ ಫ್ಲೂಯಿಡ್ ಇವೆಲ್ಲ ಹೆಡರಿಗಿಂತ ಮುಂಚೆ ಆಗಿರಬೇಕು. ಕಾರಿನ ಜೊತೆ ಬರುವ 215/45 ಆರ್17 ಮಿಷೆಲಿನ್ ಪ್ರೈಮಸಿ ಟೈರಿನಲ್ಲಿ ಹೆಚ್ಚಿನ ಟಾರ್ಕ್ ಬರೀ ಹೊಗೆಯಾಗಿ ಹೋಗುತ್ತದೆ. ಬಿಸಿಲಿನ ದಿನ ಟ್ರ್ಯಾಕಿನಲ್ಲಿ ಆಯಿಲ್ 130 ಡಿಗ್ರಿ ಸೆಲ್ಸಿಯಸ್ ದಾಟುವ ಎಂಜಿನ್ ಇದು. ಥರ್ಮೋಸ್ಟ್ಯಾಟ್ ಇರುವ ಆಯಿಲ್ ಕೂಲರ್ ಇಲ್ಲದೆ 20 ನಿಮಿಷದ ಸೆಷನ್ನಿಗೆ ಇಳಿಯಬೇಡಿ.

ಮೊದಲ ಮೂರು ಬಾರಿ ಪೂರ್ತಿ ಬಿಸಿಯಾಗಿ ಆರಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಎಲ್ಲ ನಟ್‌ಗಳನ್ನೂ ಟಾರ್ಕ್ ರೆಂಚಿನಲ್ಲಿ ಮತ್ತೆ ನೋಡಿದೆ. ಮೊದಲ ಸಲ ಹೆಚ್ಚುಕಮ್ಮಿ ಎಲ್ಲವೂ ಸ್ವಲ್ಪ ತಿರುಗಿದವು, ಮೂರನೆಯ ಸಲ ಒಂದೂ ಅಲುಗಲಿಲ್ಲ. ಈಗ ಪ್ರತಿ ಟ್ರ್ಯಾಕ್ ದಿನದ ಮರುದಿನ ಟಾರ್ಚ್ ಹಿಡಿದು ಕಲೆಕ್ಟರಿನ ಬೆಸುಗೆ, ಸೆನ್ಸರ್ ವೈರಿನ ಕ್ಲಿಪ್, ಫ್ರಂಟ್ ಪೈಪಿನ ಸ್ಪ್ರಿಂಗ್ ಬೋಲ್ಟ್ ನೋಡುತ್ತೇನೆ. ಫ್ಲ್ಯಾಂಜ್ ಸಂದಿಯಲ್ಲಿ ಕರಿ ಮಸಿಯ ಗೆರೆ ಮೂಡಿದ್ದರೆ ಆ ಗ್ಯಾಸ್ಕೆಟ್ಟನ್ನು ಅವತ್ತೇ ಬದಲಿಸುತ್ತೇನೆ.