ಜೂಲಿಯೆಟ್ ಹೆಸರಿಗೆ ಬಂದ ಪತ್ರಗಳಿಗೆ ನಾನು ಉತ್ತರ ಬರೆಯುವ ಬಗೆ

ಇಟಲಿಯ ವೆರೋನಾ ಊರಿಗೆ ಪ್ರತಿ ವರ್ಷ ಸಾವಿರಾರು ಪತ್ರಗಳು ಒಬ್ಬಳೇ ಹುಡುಗಿಯ ಹೆಸರಿಗೆ ಬರುತ್ತವೆ. ಅವಳು ಶೇಕ್ಸ್‌ಪಿಯರ್ ನಾಟಕದ ಜೂಲಿಯೆಟ್. ಆ ಪತ್ರಗಳನ್ನು ಓದಿ, ಕೈಯಲ್ಲೇ ಉತ್ತರ ಬರೆಯುವ ಸ್ವಯಂಸೇವಕರು ಇಲ್ಲಿದ್ದಾರೆ. ನಮ್ಮನ್ನು ಜೂಲಿಯೆಟ್‌ನ ಕಾರ್ಯದರ್ಶಿಗಳು ಅಂತ ಕರೆಯುತ್ತಾರೆ. ಗಂಡನ ಕೆಲಸದಿಂದಾಗಿ ನಾನು ಈ ಊರಿಗೆ ಬಂದೆ. ಇಟಾಲಿಯನ್ ಮಾತು ಒಂದಿಷ್ಟು ಬಾಯಿಗೆ ಹತ್ತಿದ ಮೇಲೆ ಇವರ ಜೊತೆ ಸೇರಿಕೊಂಡೆ. "ಇಲ್ಲದೇ ಇರೋ ಹುಡುಗಿ ಪರವಾಗಿ ಏನಂತ ಬರೀತೀಯೇ?" ಅಂತ ಊರಿನ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಫೋನಿನಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೂಲಿಯೆಟ್ ಅಂತ ಒಬ್ಬಳು ನಿಜವಾಗಿ ಬದುಕಿದ್ದಳು ಅನ್ನುವುದಕ್ಕೆ ಆಧಾರ ಇಲ್ಲ. ಸುಮಾರು 1530ರಲ್ಲಿ ಲುಯಿಜಿ ದ ಪೋರ್ತೋ ಎಂಬ ಇಟಲಿಯ ಲೇಖಕ ರೋಮಿಯೋ ಮತ್ತು ಜೂಲಿಯೆಟ್ ಎಂಬ ಪ್ರೇಮಿಗಳ ಕಥೆಯನ್ನು ವೆರೋನಾದಲ್ಲಿ ನಡೆದದ್ದು ಅಂತ ಬರೆದ. ಆ ಕಥೆ ಕೈಯಿಂದ ಕೈಗೆ ದಾಟಿ, ಆರ್ಥರ್ ಬ್ರೂಕ್ 1562ರಲ್ಲಿ ಬರೆದ ಇಂಗ್ಲಿಷ್ ಪದ್ಯದ ಮೂಲಕ ಶೇಕ್ಸ್‌ಪಿಯರ್ ಹತ್ತಿರ ಬಂತು. ಆದರೂ ವೆರೋನಾದಲ್ಲಿ ಅವಳಿಗೆ ಮನೆ ಇದೆ, ಸಮಾಧಿಯೂ ಇದೆ. ಮನೆ ಕಪೆಲ್ಲೋ ಬೀದಿಯಲ್ಲಿದೆ. ಎಲ್ಲರೂ ಫೋಟೋ ತೆಗೆಯುವ ಅಲ್ಲಿನ ಬಾಲ್ಕನಿಯನ್ನು 1930ರ ದಶಕದ ಕೊನೆಯ ಹೊತ್ತಿಗೆ ಮ್ಯೂಸಿಯಂ ನಿರ್ದೇಶಕರಾಗಿದ್ದ ಅಂತೋನಿಯೋ ಅವೇನಾ ಹಳೆಯ ಕಲ್ಲು ಬಳಸಿ ಕೂರಿಸಿದರು. ಸಮಾಧಿ ಅನ್ನುವುದು ಹಳೆಯ ಫ್ರಾನ್ಸಿಸ್ಕನ್ ಮಠವೊಂದರಲ್ಲಿರುವ ಖಾಲಿ ಕಲ್ಲಿನ ತೊಟ್ಟಿ. 1816ರಲ್ಲಿ ಕವಿ ಬೈರನ್ ಅದನ್ನು ನೋಡಲು ಬಂದಾಗ ಮಗಳಿಗೆ ಕೊಡಲು ಅದರಿಂದ ಕಲ್ಲಿನ ಚೂರುಗಳನ್ನು ತೆಗೆದುಕೊಂಡು ಹೋಗಿದ್ದ.

ಉತ್ತರ ಬರೆಯುವ ಪದ್ಧತಿ ಶುರುವಾದದ್ದು ಆ ಸಮಾಧಿಯ ಹತ್ತಿರವೇ. 1930ರ ದಶಕದಲ್ಲಿ ಎತ್ತೋರೆ ಸೊಲಿಮಾನಿ ಎಂಬವರು ಅಲ್ಲಿ ಕಾವಲುಗಾರರಾಗಿದ್ದರು. ಜನ ಅಲ್ಲಿ ಚೀಟಿ ಬಿಟ್ಟು ಹೋಗುತ್ತಿದ್ದರು, ಅಂಚೆಯಲ್ಲೂ ಕಳಿಸುತ್ತಿದ್ದರು. ಸೊಲಿಮಾನಿ ಅವನ್ನು ಓದಿ, ತಾವೇ ಉತ್ತರ ಬರೆಯತೊಡಗಿದರು. ಯಾರೂ ಹೇಳಿರಲಿಲ್ಲ, ಸಂಬಳವೂ ಇರಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟವಾದ ಮನುಷ್ಯ ಅವರೇ. ಆಮೇಲೆ 1950ರ ದಶಕದಲ್ಲಿ ಕವಿ ಜೀನೋ ಬೆಲ್ತ್ರಾಮಿನಿ ಸದ್ದಿಲ್ಲದೆ, ತಮ್ಮ ಹೆಸರು ಹೇಳಿಕೊಳ್ಳದೆ ಆ ಕೆಲಸ ಮಾಡಿದರು. 1972ರಲ್ಲಿ ಜೂಲಿಯೋ ತಮಾಸಿಯಾ ಮತ್ತು ಗೆಳೆಯರು ಸೇರಿ ಜೂಲಿಯೆಟ್ ಕ್ಲಬ್ ಕಟ್ಟಿದರು. ಮುಂದೆ ಪತ್ರಗಳ ಹೊಣೆ ಆ ಕ್ಲಬ್ಬಿಗೆ ಬಂತು. ತಮಾಸಿಯಾ ಅವರ ಮಗಳು ಅದನ್ನು ಮುಂದುವರಿಸಿದರು. 2010ರಲ್ಲಿ ಈ ಪತ್ರಗಳ ಬಗ್ಗೆ ಹಾಲಿವುಡ್ ಸಿನಿಮಾ ಬಂದ ಮೇಲೆ ಪತ್ರಗಳೂ ಜಾಸ್ತಿಯಾದವು, ಉತ್ತರ ಬರೆಯುತ್ತೇವೆ ಅಂತ ಬರುವವರೂ ಜಾಸ್ತಿಯಾದರು.

ಈ ಕೆಲಸಕ್ಕೆ ಇಳಿಯುವ ಮೊದಲು ನಾಟಕವನ್ನು ಇನ್ನೊಮ್ಮೆ ಕೂತು ಓದಿದೆ. ಕಾಲೇಜಿನಲ್ಲಿ ಓದುವಾಗ ಕಣ್ಣಿಗೆ ಬೀಳದ ಒಂದು ವಿಷಯ ಆಗ ಕಂಡಿತು. ಕಥೆಯ ಗಂಟುಗಳೆಲ್ಲ ಓದುವುದರಲ್ಲಿ, ಪತ್ರಗಳಲ್ಲಿ ಇವೆ. ಜೂಲಿಯೆಟ್‌ನ ಅಪ್ಪ ಕ್ಯಾಪುಲೆಟ್ ಮನೆಯ ಆಳಿಗೆ ಅಕ್ಷರ ಬರುವುದಿಲ್ಲ. ಔತಣಕ್ಕೆ ಯಾರನ್ನೆಲ್ಲ ಕರೆಯಬೇಕು ಅನ್ನುವ ಪಟ್ಟಿ ಅವನ ಕೈಯಲ್ಲಿದೆ. ದಾರಿಯಲ್ಲಿ ಸಿಕ್ಕ ರೋಮಿಯೋನ ಹತ್ತಿರ ಓದಿಸುತ್ತಾನೆ. ರೋಮಿಯೋ ಓದಿ ಹೇಳಿದ್ದರಿಂದಲೇ ಆ ಔತಣದ ವಿಷಯ ಅವನಿಗೆ ಗೊತ್ತಾಗಿದ್ದು. ಜೂಲಿಯೆಟ್ ಸಿಕ್ಕಿದ್ದು ಅಲ್ಲೇ ಅಲ್ವಾ? ಕೊನೆಗೆ ಎಲ್ಲ ಮುಳುಗಿದ್ದೂ ಒಂದು ಪತ್ರದಿಂದಲೇ. ಜೂಲಿಯೆಟ್ ಸತ್ತಿಲ್ಲ, ಮದ್ದು ಕುಡಿದು ಮಲಗಿದ್ದಾಳೆ ಅಂತ ಪಾದ್ರಿ ಲಾರೆನ್ಸ್ ಬರೆದ ಪತ್ರ ರೋಮಿಯೋ ಇದ್ದ ಮಾಂಟುವಾ ಊರಿಗೆ ಹೋಗಬೇಕಿತ್ತು. ತೆಗೆದುಕೊಂಡು ಹೊರಟ ಪಾದ್ರಿ ಜಾನ್, ಜೊತೆಗೆ ಇನ್ನೊಬ್ಬ ಪಾದ್ರಿಯನ್ನು ಕರೆಯಲು ಒಂದು ಮನೆಗೆ ಹೋದ. ಅಲ್ಲಿ ಪ್ಲೇಗ್ ಇದೆ ಅನ್ನುವ ಅನುಮಾನದಿಂದ ಅಧಿಕಾರಿಗಳು ಬಾಗಿಲು ಮುಚ್ಚಿ ಮೊಹರು ಹಾಕಿಬಿಟ್ಟರು. ಪತ್ರ ಹೋಗಲೇ ಇಲ್ಲ.

ಇದನ್ನು ಓದಿದ ಮೇಲೆ ಈ ಕೆಲಸದ ಬಗ್ಗೆ ನನ್ನ ಮನಸ್ಸು ಗಟ್ಟಿಯಾಯಿತು. ನಾವಿಲ್ಲಿ ಪ್ರೇಮದ ಪಂಡಿತರಾಗಿ ಕೂತಿಲ್ಲ. ನಿಮ್ಮ ಪತ್ರ ಬಂದು ಮುಟ್ಟಿದೆ, ಒಬ್ಬರು ಪೂರ್ತಿ ಓದಿದ್ದಾರೆ ಅಂತ ತಿಳಿಸುವುದೇ ನಮ್ಮ ಮೊದಲ ಕೆಲಸ. ಬಹಳ ಸಲ ಕೊನೆಯ ಕೆಲಸವೂ ಅದೇ.

ಪತ್ರ ಬರೆಯುವುದನ್ನು ನಾನು ಕಲಿತದ್ದು ಅಜ್ಜಿಯಿಂದ. ಅವರಿಗೂ ಓದು ಬರಹ ಬರುತ್ತಿರಲಿಲ್ಲ. ಮುಂಬೈಯಲ್ಲಿದ್ದ ದೊಡ್ಡ ಮಾವನಿಗೆ ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ. ಮೇಲೆ 'ಕ್ಷೇಮ', ಆಮೇಲೆ 'ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ'. ಬರೆದು ಮುಗಿದ ಕೂಡಲೇ "ಎಲ್ಲಿ, ಓದು ಪುಟ್ಟಿ" ಅನ್ನುತ್ತಿದ್ದರು. ನಾನು ಸೇರಿಸಿದ ದೊಡ್ಡ ಪದ ಕಿವಿಗೆ ಬಿದ್ದರೆ "ನಾನು ಹಾಗಂದೆನಾ? ತೆಗಿ ಅದನ್ನ" ಅನ್ನುತ್ತಿದ್ದರು. ವೆರೋನಾದ ಮೇಜಿನಲ್ಲಿ ಈಗಲೂ ನಾನು ಬರೆದ ಪ್ರತಿ ಉತ್ತರವನ್ನು ಮೆಲ್ಲಗೆ ಬಾಯಿಬಿಟ್ಟು ಓದಿಕೊಳ್ಳುತ್ತೇನೆ. ಬಾಯಲ್ಲಿ ತೊಡರುವ ವಾಕ್ಯ ಪತ್ರ ಕಳಿಸಿದವರ ಮನಸ್ಸಿಗೂ ಹೋಗುವುದಿಲ್ಲ.

ಬಂದ ಪತ್ರಗಳನ್ನು ಭಾಷೆಯ ಪ್ರಕಾರ ಬೇರೆ ಬೇರೆ ಪೆಟ್ಟಿಗೆಗೆ ಹಾಕಿಡುತ್ತಾರೆ. ನಾನು ಹೆಚ್ಚಾಗಿ ಇಂಗ್ಲಿಷ್ ಪೆಟ್ಟಿಗೆಗೆ ಕೈ ಹಾಕುತ್ತೇನೆ. ಮೊದಲ ಸಲ ಓದುವಾಗ ಪೆನ್ನು ಮುಟ್ಟುವುದಿಲ್ಲ. ಸುಮ್ನೆ ಓದುತ್ತೇನೆ. ಎರಡನೇ ಸಲ ಓದುವಾಗ ಇವರು ನಿಜವಾಗಿ ಏನು ಕೇಳುತ್ತಿದ್ದಾರೆ ಅಂತ ಹುಡುಕುತ್ತೇನೆ. ಅದು ಮೊದಲ ಪುಟದಲ್ಲಿ ಸಿಗುವುದು ಕಡಿಮೆ. ಒಂದು ಪತ್ರದ ವಿಷಯ ಹೇಳುತ್ತೇನೆ. (ಇಲ್ಲಿ ಹೇಳುವ ಪತ್ರಗಳಲ್ಲಿ ಯಾರದೂ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಒಬ್ಬಳು ಪುಟಗಟ್ಟಲೆ ಆಫೀಸಿನ ಹುಡುಗನ ಬಗ್ಗೆ ಬರೆದಿದ್ದಳು. ಅವನ ನಗು, ಅವನು ಕಾಫಿ ಕುಡಿಯುವ ರೀತಿ, ಅವನು ಮೆಸೇಜಿಗೆ ತಡವಾಗಿ ಉತ್ತರಿಸುವುದು, ಎಲ್ಲ. ಸಹಿ ಮಾಡಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಅಮ್ಮ ಹೋದ ಮೇಲೆ ಇದನ್ನೆಲ್ಲ ಹೇಳಿಕೊಳ್ಳಲು ನನಗೆ ಯಾರೂ ಇಲ್ಲ. ನನ್ನ ಉತ್ತರ ಶುರುವಾದದ್ದು ಆ ಸಾಲಿನಿಂದ. ಅಮ್ಮ ಇದ್ದಿದ್ದರೆ ಈ ಹುಡುಗನ ಬಗ್ಗೆ ಏನು ಕೇಳುತ್ತಿದ್ದರು ಅಂತ ಕೇಳಿದೆ. ಹುಡುಗನ ಮಾತು ಆಮೇಲೆ ಎರಡೇ ಸಾಲಿನಲ್ಲಿ ಬಂತು.

ಹೀಗೆ ಬರೆದವರ ಪತ್ರದಿಂದಲೇ ಒಂದು ವಿವರ ಎತ್ತಿಕೊಂಡು ಶುರು ಮಾಡುವುದು ನನ್ನ ಕ್ರಮ. ನಾಯಿಯ ಹೆಸರಿರಬಹುದು, ರೈಲು ನಿಲ್ದಾಣದ ಬೆಂಚಿರಬಹುದು. ಅದನ್ನು ನೋಡಿದ ಕೂಡಲೇ ಅವರಿಗೆ ಇದು ಅಚ್ಚು ಹಾಕಿದ ಉತ್ತರ ಅಲ್ಲ ಅಂತ ಗೊತ್ತಾಗುತ್ತದೆ.

'ಅವನನ್ನು ಬಿಟ್ಟುಬಿಡು', 'ಮದುವೆಯಾಗು' ಅಂತ ನಾನು ಬರೆಯುವುದಿಲ್ಲ. ನಮ್ಮ ವಾರಪತ್ರಿಕೆಗಳ ಪ್ರಶ್ನೋತ್ತರ ಅಂಕಣದಲ್ಲಿ ಪರಿಹಾರ ಹೇಳಲೇಬೇಕು, ಉಳಿದ ಓದುಗರೂ ಅದಕ್ಕೆ ಕಾಯುತ್ತಿರುತ್ತಾರೆ. ಇಲ್ಲಿ ಹಾಗಲ್ಲ. ಒಬ್ಬರು ಬರೆದದ್ದು ಒಬ್ಬರಿಗೆ. ನನ್ನ ಮುಂದಿರುವುದು ಒಂದು ಕಡೆಯ ಮಾತು, ಅದೂ ಒಂದು ರಾತ್ರಿ ಬರೆದದ್ದು. ಅಷ್ಟರ ಮೇಲೆ ಒಬ್ಬರ ಬದುಕಿನ ತೀರ್ಮಾನ ಮಾಡುವ ಹಕ್ಕು ನನಗಿಲ್ಲ. ಅದರ ಬದಲು ಒಂದು ಪ್ರಶ್ನೆ ಕೇಳುತ್ತೇನೆ. 'ಅವನು ಇಲ್ಲದ ದಿನಗಳ ಬಗ್ಗೆ ನೀವು ಏನೂ ಬರೆದಿಲ್ಲ, ಆ ದಿನಗಳು ಹೇಗಿರುತ್ತವೆ?' ಇಂಥದ್ದು. ಪ್ರಶ್ನೆ ಅವರ ಹತ್ತಿರ ಉಳಿಯುತ್ತದೆ, ಉತ್ತರ ಅವರದೇ.

ಎಳೆಯರ ಪತ್ರಗಳಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಮೆರಿಕದ ಹೈಸ್ಕೂಲುಗಳಲ್ಲಿ ಈ ನಾಟಕ ಪಾಠವಾಗಿದೆ, ಅಲ್ಲಿಂದ ಇಡೀ ತರಗತಿಯ ಪತ್ರಗಳು ಒಂದೇ ಕಟ್ಟಿನಲ್ಲಿ ಬರುತ್ತವೆ. ಜೂಲಿಯೆಟ್‌ಗೂ ಅವರದೇ ವಯಸ್ಸು, ಇನ್ನೂ 14 ತುಂಬಿಲ್ಲ. ಭಾನುವಾರ ಶುರುವಾದ ಪ್ರೇಮ ಗುರುವಾರ ಬೆಳಗಾಗುವ ಹೊತ್ತಿಗೆ ಸಾವಿನಲ್ಲಿ ಮುಗಿಯುತ್ತದೆ. ಪ್ರೀತಿಗಾಗಿ ಸಾಯುವುದು ದೊಡ್ಡದು ಅನ್ನುವ ಅರ್ಥ ನನ್ನ ಯಾವ ಸಾಲಿನಲ್ಲೂ ಬರಕೂಡದು ಅಂತ ನಾನು ಹಟ ಹಿಡಿದಿದ್ದೇನೆ. ನಾಟಕದಲ್ಲೇ ಇದಕ್ಕೆ ಬೇಕಾದ ಮಾತು ಸಿಗುತ್ತದೆ. ಆ ಪ್ರಸಿದ್ಧ ರಾತ್ರಿಯ ದೃಶ್ಯದಲ್ಲಿ ರೋಮಿಯೋ ಆಣೆ ಇಡಲು ಹೊರಟಾಗ, ಬೇಡ, ಇದು ತುಂಬಾ ಅವಸರವಾಯ್ತು, ಯೋಚನೆಯಿಲ್ಲದೆ ಆಗ್ತಿದೆ ಅಂತ ಹೇಳುವವಳು ಜೂಲಿಯೆಟ್ಟೇ. ಹೈಸ್ಕೂಲಿನ ಹುಡುಗಿಗೆ ನಾನು ಆ ಜೂಲಿಯೆಟ್ಟನ್ನು ನೆನಪಿಸುತ್ತೇನೆ. ಪತ್ರದಲ್ಲಿ ಜೀವ ಕಳೆದುಕೊಳ್ಳುವ ಮಾತಾಗಲಿ, ಹೊಡೆತ ಬಡಿತದ ಸುಳಿವಾಗಲಿ ಕಂಡರೆ ಒಬ್ಬಳೇ ಉತ್ತರ ಬರೆಯುವುದಿಲ್ಲ. ಹಿರಿಯರಿಗೆ ತೋರಿಸುತ್ತೇನೆ. ಅಂಥವರಿಗೆ ಚೆಂದದ ಮಾತಿಗಿಂತ ಮೊದಲು ಬೇಕಾದದ್ದು ಹತ್ತಿರದಲ್ಲಿರುವ ಮನುಷ್ಯರ ಸಹಾಯ.

ಭಾರತದಿಂದ ಬರುವ ಪತ್ರಗಳನ್ನು ಕೆಲವೊಮ್ಮೆ ನನಗೇ ಕೊಡುತ್ತಾರೆ. ಅವುಗಳಲ್ಲಿ ನಾಟಕದಲ್ಲಿರುವ ಹಾಗೆ ಎರಡು ಮನೆತನದ ಜಗಳ ಇರುವುದಿಲ್ಲ, ಜಾತಿ ಇರುತ್ತದೆ. ಅಪ್ಪ ಮಾತು ಬಿಟ್ಟಿದ್ದಾರೆ, ಅಮ್ಮ ಊಟ ಬಿಟ್ಟಿದ್ದಾರೆ, ಹುಡುಗ ನೋಡಲು ಭಾನುವಾರ ಬರ್ತಾರಂತೆ. ಇಲ್ಲಿಯ ಗೆಳತಿಯರಿಗೆ ಇದನ್ನು ವಿವರಿಸಿ ಹೇಳಬೇಕು, ನನಗೆ ಯಾರೂ ವಿವರಿಸಬೇಕಿಲ್ಲ. ಅಪ್ಪ ಗೊತ್ತು ಮಾಡಿದ ಪ್ಯಾರಿಸ್‌ನನ್ನು ಒಲ್ಲೆ ಅಂದಾಗ ಜೂಲಿಯೆಟ್‌ಗೂ ಹೀಗೇ ಆಗಿತ್ತು. ಮನೆಯಿಂದ ಆಚೆ ಹಾಕ್ತೀನಿ ಅಂತ ಅಪ್ಪ ಕೂಗಾಡಿದ, ತಾಯಿ ಮುಖ ತಿರುಗಿಸಿದಳು. ಹಾಲೂಡಿಸಿ ಸಾಕಿದ ದಾದಿಯೂ ಪ್ಯಾರಿಸ್‌ನನ್ನೇ ಮದುವೆಯಾಗು ಅಂದಳು. ಆ ಮನೆಯಲ್ಲಿ ಅವಳ ಮಾತಿಗೆ ಕಿವಿ ಕೊಡುವವರು ಒಬ್ಬರೂ ಉಳಿಯಲಿಲ್ಲ. ಇಂಥ ಪತ್ರಕ್ಕೆ ಓಡಿಹೋಗು ಅಂತಲೂ ಬರೆಯುವುದಿಲ್ಲ, ಮನೆಯವರು ಹೇಳಿದ ಹಾಗೆ ಕೇಳು ಅಂತಲೂ ಬರೆಯುವುದಿಲ್ಲ. ನಿಮ್ಮ ಮಾತು ಕೇಳುವವರು ಊರಲ್ಲಿ ಒಬ್ಬರಾದರೂ ಯಾರಿದ್ದಾರೆ, ಅತ್ತೆ, ಚಿಕ್ಕಪ್ಪ, ಟೀಚರ್, ಅವರ ಹತ್ತಿರ ಈ ಪತ್ರದಲ್ಲಿ ಬರೆದಷ್ಟೇ ನೇರವಾಗಿ ಹೇಳಿ ನೋಡಿದ್ದೀರಾ ಅಂತ ಕೇಳುತ್ತೇನೆ.

ಒಮ್ಮೆ ಕನ್ನಡದ ಪತ್ರವೇ ಬಂತು. ಯಾವ ಭಾಷೆ ಅಂತ ತಿಳಿಯದೆ ಬೇರೆ ಇಟ್ಟಿದ್ದನ್ನು ನನಗೆ ತೋರಿಸಿದರು. 'ಪ್ರೀತಿಯ ಜೂಲಿಯೆಟ್ ಅಕ್ಕನಿಗೆ' ಅಂತ ಇತ್ತು. ಬರೆದವಳು ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲ್ಲಿನಲ್ಲಿದ್ದಳು. ಹದಿಮೂರರ ಹುಡುಗಿಯನ್ನು ಅಕ್ಕ ಅಂದಿದ್ದಾಳಲ್ಲ ಅಂತ ಓದುತ್ತಲೇ ನನ್ನ ಕಣ್ಣು ತುಂಬಿತು. 'ಪ್ರೀತಿಯ ತಂಗಿಗೆ' ಅಂತ ಶುರು ಮಾಡಿದೆ. ಬೇರೆ ಯಾವ ಉತ್ತರಕ್ಕೂ ಅಷ್ಟು ಹೊತ್ತು ಹಿಡಿದಿಲ್ಲ. ಕನ್ನಡದಲ್ಲಿ ಬರೆಯುವಾಗ ಅಡಗಿಕೊಳ್ಳಲು ಜಾಗವೇ ಇರಲಿಲ್ಲ. ಅವಳ ಊರಿನ ಬಸ್‌ಸ್ಟ್ಯಾಂಡು, ಹಾಸ್ಟೆಲ್ ವಾರ್ಡನ್, ರಜೆಗೆ ಊರಿಗೆ ಹೋಗಲು ಹೆದರಿಕೆ, ಎಲ್ಲ ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು.

ದುಃಖದ ಪತ್ರಗಳೇ ಬರುತ್ತವೆ ಅಂದುಕೊಳ್ಳಬೇಡಿ. ಹೆಂಡತಿ ತೀರಿಕೊಂಡ ಅಜ್ಜ ಅವಳ ಜೊತೆ ಕಳೆದ ವರ್ಷಗಳನ್ನು ಬರೆದು ಕಳಿಸುತ್ತಾರೆ, ಅವರಿಗೆ ಕೇಳುವುದು ಏನೂ ಇರುವುದಿಲ್ಲ. ಹಿಂದೊಮ್ಮೆ ಬರೆದವರು ಮದುವೆಯ ಫೋಟೋ ಹಾಕಿ ಧನ್ಯವಾದ ಹೇಳುತ್ತಾರೆ. ಗಂಡಸರೂ ಬರೆಯುತ್ತಾರೆ. 1993ರಿಂದ ಫೆಬ್ರವರಿಯಲ್ಲಿ ಪ್ರೇಮಿಗಳ ದಿನದ ಸುತ್ತಮುತ್ತ ಕ್ಲಬ್ಬು 'ಕಾರಾ ಜುಲಿಯೆತ್ತಾ' (ಪ್ರೀತಿಯ ಜೂಲಿಯೆಟ್) ಅಂತ ಒಂದು ಬಹುಮಾನ ಕೊಡುತ್ತದೆ, ಚೆನ್ನಾಗಿ ಬರೆದ ಪತ್ರಗಳಿಗೆ. ಸೆಪ್ಟೆಂಬರ್ 16ಕ್ಕೆ ಊರಲ್ಲಿ ಜೂಲಿಯೆಟ್ ಹುಟ್ಟುಹಬ್ಬವೂ ನಡೆಯುತ್ತದೆ. ನಾಟಕದ ಪ್ರಕಾರ ಅವಳು ಹುಟ್ಟಿದ್ದು ಜುಲೈ ಕೊನೆಯ ರಾತ್ರಿ, ಆದರೆ ವೆರೋನಾದವರ ಲೆಕ್ಕ ಬೇರೆ.

ನನಗೆ ಸಂಕಟವಾಗುವುದು ವಿಳಾಸ ಇಲ್ಲದ ಪತ್ರಗಳನ್ನು ನೋಡಿದಾಗ. ಜೂಲಿಯೆಟ್ ಮನೆಗೆ ಬಂದ ಪ್ರವಾಸಿಗಳು ಅಲ್ಲೇ ನಿಂತು ಬರೆದು ಹೋದವುಗಳಲ್ಲಿ ಇಂಥವು ಬಹಳ. ಎಲ್ಲ ಬಿಚ್ಚಿ ಹೇಳಿರುತ್ತಾರೆ, ಕೆಳಗೆ ಬರೀ ಒಂದು ಹೆಸರು. ಉತ್ತರ ಕಳಿಸುವುದು ಎಲ್ಲಿಗೆ? ಅವನ್ನೂ ಕೊನೆಯ ಸಾಲಿನವರೆಗೆ ಓದಿಯೇ ಪಕ್ಕಕ್ಕಿಡುತ್ತೇನೆ.

ಇದನ್ನು ಓದಿದವರಲ್ಲಿ ಯಾರಿಗಾದರೂ ಬರೆಯಬೇಕು ಅನ್ನಿಸಿದರೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಾನಿರುವವರೆಗೆ ಓದುವವರು ಇದ್ದಾರೆ. ಅಂದವಾಗಿ ಬರೆಯಬೇಕಿಲ್ಲ, ಅಕ್ಷರ ಓದುವ ಹಾಗಿದ್ದರೆ ಸಾಕು. ಉತ್ತರಕ್ಕೆ ತಿಂಗಳುಗಳೇ ಹಿಡಿಯಬಹುದು. ಲಕೋಟೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಜೂಲಿಯೆಟ್, ವೆರೋನಾ, ಇಟಲಿ ಅಂತ ಇಷ್ಟೇ ಬರೆದರೂ ಇಲ್ಲಿಯ ಅಂಚೆಯವರು ಮುಟ್ಟಿಸುತ್ತಾರೆ. ನಿಮ್ಮ ವಿಳಾಸವನ್ನು ಮಾತ್ರ ಪತ್ರದ ಒಳಗೂ ಬರೆಯಿರಿ, ಪಿನ್ ಕೋಡ್ ಸಮೇತ.